ಹದಿನೇಳೂವರಿ ಇಂಚು

ಬನಹಟ್ಟಿಯೊಳಗ ಸಪ್ಪಳಕ್ಕ ಯಾರೂ ಎಚ್ಚರಾಗೂದಿಲ್ಲ.
ಓಣಿ ತುಂಬ ಪಾವರ್‌ಲೂಮು, ಇಡೀ ರಾತ್ರಿ
ಖಟಕ್ ಖಟಕ್ ಅಂತ ಲಾಳಿ ಬಡೀತಿದ್ರ
ತೊಟ್ಟಲದಾಗಿನ ಕೂಸು ಸೈತ ಹೊಳ್ಳಿ ಮಲಗತೈತಿ.
ಕರೆಂಟ್ ಹೋಗಿ ಮಗ್ಗ ನಿಂತ್ವು ಅಂದ್ರ
ಊರಿಗೂರ ದಿಗ್ಗನ ಎದ್ದು ಕುಂದರತೈತಿ.

ನಾನೂ ಹಂಗ.
ಇವರ ಗೊರಕಿಗೆ ಎಂದೂ ಎದ್ದಾಕಿ ಅಲ್ಲ.
ಗೊರಕಿ ನಿಂತಾಗ ಎದ್ದೆ.

ಕತ್ತಲದಾಗ ಬೆರಳು ಮಡಚಿ ಎಣಸ್ತಿದ್ದೆ.
ಹನ್ನೊಂದು. ಇಪ್ಪತ್ತು. ಮೂವತ್ತು.
ಎದಿ ಏರತಿತ್ತು, ಇಳೀತಿತ್ತು, ಗಾಳಿ ಮಾತ್ರ ಇಲ್ಲ,
ಹೊರಗಿಂದ ಚಿಲಕಾ ಬಿದ್ದ ಖೋಲ್ಯಾಗ
ಒಬ್ಬ ಮನಷ್ಯಾ ಬಾಗಲಾ ದಬ್ಬಿದಂಗ.
ಆಮ್ಯಾಲ ಬಾವಿಯಿಂದ ಕೊಡ ಜಗ್ಗಿ ಕಿತ್ತಂಗ ಒಂದ ಉಸುರು,
ಮತ್ತ ಗೊರಕಿ.
ಮುಂಜಾನೆ ಕೇಳಿದ್ರ,
"ನಾ? ಛಲೋ ನಿದ್ದಿ ಮಾಡೇನಲ್ಲ."

ನಾ ಕುಬಸಾ ಹೊಲಿಯಾಕಿ.
ಇವರ ಅಂಗಿನೂ ನಂದ ಕೈಯಾಗಿಂದು.
ಮದಿವ್ಯಾದ ವರ್ಷ ಕೊಳ್ಳ ಹದಿನಾಲ್ಕೂವರಿ,
ಮಗಳು ಸಾಲಿಗೆ ಹೋಗೂದ್ರಾಗ ಹದಿನಾರು.
ಗುಂಡಿ ಸರಿಸಿದೆ, ಕಾಲರ್ ಬಿಚ್ಚಿದೆ, ಹೊಸಾದು ಕತ್ತರಿಸಿದೆ.
"ಅಂತೂ ಉಂಡದ್ದು ಮೈಗೆ ಹತ್ತಿತು" ಅಂದ್ಲು ನೀಲವ್ವತ್ತಿ.
ಅಂಬಲಿ ಕುಡದು ಮಗನ್ನ ಬೆಳಿಸಿದಾಕಿಗೆ
ಅವನ ಗಲ್ಲದ ಕೆಳಗಿನ ಮಡಿಕಿ
ಜ್ವಾಳದ ಚೀಲ ಇದ್ದಂಗ, ಮನ್ಯಾಗ ಇರಬೇಕು.

ಹಗಲಿ ಮಗ್ಗದ ಮುಂದ ನಿಂತಲ್ಲೇ ಕಣ್ಣು.
ಹಾಸಿನ ಎಳಿ ಹರದದ್ದು ಕಾಣದ
ಒಂದ ಪಾತಲ ಪೂರಾ ಹಾಳ ನೇದಾರ.
ಮಾಲಕ ರೊಕ್ಕಾ ಮುರಕೊಂಡು,
"ಕುಡದು ಬರ್ತೀಯೇನೋ ಕಾಡ್ಯಾ" ಅಂದ.
ಹನಿ ಮುಟ್ಟದ ಮನಷ್ಯಾ.
ಎಚ್ಚರ ಇರಬೇಕಂತ ರಾತ್ರಿ ಪಾಳೇದಾಗ
ಚಾ, ಮಿರ್ಚಿ ಭಜಿ, ಮತ್ತ ಚಾ.
ನಿದ್ದಿ ಸಿಗದ ಮೈ
ಅನ್ನಾನ ನಿದ್ದಿ ಅಂತ ತಿಳದು ಉಣತೈತಿ.
ಉಂಡದ್ದು ಹೋಗಿ ಕೊಳ್ಳಾಗ ಕುಂದರತೈತಿ.
ತೂಕಡಿಸೂದು ಅನ್ನೂ ಮಾತಿನ್ಯಾಗ
ತೂಕಾ ಮದ್ಲ ಬಂದು ಕುಂತೈತಿ,
ನಾವ ಬಿಡಿಸಿ ಓದಲಿಲ್ಲ.

ಬೆಳಗಾಂವಿ ದವಾಖಾನಿ.
ಡಾಕ್ಟರಬಾಯಿ ನನ್ನ ಮಗಳ ವಾರಗಿ.
"ಪೇಷಂಟ್ ಹೆಸರು?"
ಇಪ್ಪತ್ತೆರಡು ವರ್ಷ ಒಡಪಿನ್ಯಾಗ ಬಿಟ್ರ ತುಟಿಗೆ ತಂದಾಕಿ ಅಲ್ಲ.
ಕಾಡಪ್ಪ, ಅಂದೆ.
ಫ್ಯಾನ್ ತಿರಗತಾನ ಇತ್ತು.

ಆಮ್ಯಾಲ ಆಕಿ ಡ್ರಾದಾಗಿಂದ ಟೇಪ್ ತಗದ್ಲು.
ನಂದ ಟೇಪ್! ಹಂಥಾದ್ದ, ಹಳದಿ.
ಕೊಳ್ಳಿಗೆ ಸುತ್ತಿದ್ಲು, ಜರಾ ಸೊಟ್ಟ.
ಆಕಿ ಬಗ್ಗಿ ನೋಡೂದರೊಳಗ ನಾ ಅಂದೆ,
"ಹದಿನೇಳೂವರಿ."
ಆಕಿ ನನ್ನ ಮಾರಿ ನೋಡಿದ್ಲು, ಬರಕೊಂಡ್ಲು.
ಯಾವಾಗಿಂದ ಗೊತ್ತಿತ್ತು ಅಂತ ಕೇಳಲಿಲ್ಲ.
ನನ್ನ ಅಳತಿ ವಹಿಯೊಳಗ
ಬ್ಯಾನಿ ತಾರೀಖು ಸಮೇತ ಕುಂತಿತ್ತು,
ಗಿರಾಕಿಗೋಳ ಬಾಕಿ ನಡಕ.

"ಗಂಟಲಿನ ಸುತ್ತ ಕೊಬ್ಬು, ಮಲಗಿದಾಗ ದಾರಿ ಮುಚ್ಚತ್ತೆ.
ತೂಕ ಇಳಿಸ್ರಿ. ಅಲ್ಲೀತನಕ ಮಷೀನು.
ಬಡಕಲು ಮಂದಿಗೂ ಬರತ್ತೆ, ನಾಚಿಕೋಬ್ಯಾಡ್ರಿ."
ಇವರು ಮ್ಯಾಲಿನ ಗುಂಡಿ ಹಾಕೊಳ್ಳಾಕ ನೋಡಿದ್ರು.
ಮುಟ್ಟಲಿಲ್ಲ.

ಮಷೀನಿಗೆ ನನ್ನ ಎರಡು ಪಾಟ್ಲಿ ಹೋದ್ವು.
ಮಾರಿ ತುಂಬ ಮಾಸ್ಕು, ಉದ್ದನ್ನ ಸೊಂಡಿ,
ಬಾಜೂ ಮನಿ ಹುಡುಗ ಕಿಟಕ್ಯಾಗಿಂದ ನೋಡಿ
"ಗಣಪ್ಪ ಮಲಗ್ಯಾನ" ಅಂತ ಓಡಿದ.
ಐದು ತಿಂಗಳಾತು. ಆರು ಕಿಲೊ ಇಳದಾರ.
ಐತವಾರ ಐತವಾರ ತಾವ ಟೇಪ್ ತಂದು
ನನ್ನ ಮುಂದ ಕೊಳ್ಳ ಎತ್ತತಾರ.
ಹದಿನೇಳಕ್ಕ ಎರಡು ದಾರ ಕಮ್ಮಿ.
ನಾ ಬಿಗಿ ಹಿಡಿಯೂದಿಲ್ಲ, ಸುಳ್ಳೂ ಹೇಳೂದಿಲ್ಲ.

ನಿನ್ನಿ ರಾತ್ರಿ ಕರೆಂಟ್ ಹೋತು.
ಮಗ್ಗ ನಿಂತ್ವು. ಮಷೀನೂ ನಿಂತಿತು.
ಓಣಿ ಎಲ್ಲಾ ಎದ್ದು ಕೆಮ್ಮಿತು, ಕಡ್ಡಿ ಗೀರಿತು.
ಇವರು ನಿದ್ದಿಗಣ್ಣಾಗ ಮಾಸ್ಕ್ ಕಿತ್ತಿಟ್ಟು ಅಂಗಾತ ಬಿದ್ರು.
ನಾ ಬೆರಳು ಮಡಚಿದೆ.
ಒಂದು. ಎರಡು. ಒಂಬತ್ತಕ್ಕ ಬಂತು ಉಸುರು.
ಮತ್ತ ನಿಂತಿತು.
ಭುಜಕ್ಕ ಕೈ ಕೊಟ್ಟು ಮಗ್ಗಲಾ ಹೊಳ್ಳಿಸಿದೆ,
ಇನ್ನೂ ಭಾರ ಅದಾರ, ಮಂಡಿ ಊರಬೇಕಾತು.
ಒಂದು. ಎರಡು. ಮೂರು.
ಅಷ್ಟರಾಗ ಕರೆಂಟ್ ಬಂದು
ಓಣಿಗೋಣಿ ಖಟಕ್ ಅಂತು,
ನನ್ನ ಎಣಿಕಿ ತಪ್ಪಿತು.